ಮೀನಿಗೊಂದು, ಅನ್ನಕ್ಕೊಂದು: ಕೆಟ್ಟ ಪದಾರ್ಥಕ್ಕೆ ವಿಯೆಟ್ನಾಮೀ ಮಾತು

ಅನ್ನ ಹಳಸುತ್ತದೆ, ಮೀನು ಹಳಸುವುದಿಲ್ಲ. ಅಕ್ಕಿಗೆ ನುಸಿ ಹಿಡಿಯುತ್ತದೆ, ಕೊಬ್ಬರಿ ಕಮಟು ನಾರುತ್ತದೆ, ಸೊಪ್ಪು ಬಾಡುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಯಾವುದಕ್ಕೆ ಯಾವ ಮಾತು ಅಂತ ನಮಗ್ಯಾರೂ ಕೂರಿಸಿ ಕಲಿಸಿದ್ದಲ್ಲ, ಅಡುಗೆಮನೆಯಲ್ಲಿ ಕೇಳಿ ಕೇಳಿ ಬಂದದ್ದು. ವಿಯೆಟ್ನಾಮೀ ಭಾಷೆಯೂ ಇದೇ ಜಾತಿಯದು. ಮೊಬೈಲಿನ ಅನುವಾದದ ಆ್ಯಪ್ ಮಾತ್ರ ಎಲ್ಲದಕ್ಕೂ ಒಂದೇ ಪದ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ನಾನು ಕುಂದಾಪುರದ ಕಡೆಯವನು. ಹೋ ಚಿ ಮಿನ್ ನಗರದ (ಇಲ್ಲಿನವರ ಬಾಯಲ್ಲಿ ಈಗಲೂ ಸೈಗಾನ್) ಒಂದು ಭಾರತೀಯ ಹೋಟೆಲಿನಲ್ಲಿ ಸ್ಟೋರು ನೋಡಿಕೊಳ್ಳುತ್ತೇನೆ. ಬೆಳಗಿನ ಜಾವ ಬರುವ ತರಕಾರಿ, ಮೀನು, ಕೋಳಿ ಎಲ್ಲ ತೂಕ ಹಾಕಿಸಿ ಇಳಿಸಿಕೊಳ್ಳುವುದು, ಸರಿಯಿಲ್ಲದ್ದನ್ನು ವಾಪಸ್ ಕಳಿಸುವುದು ನನ್ನ ಕೆಲಸ. ವಾಪಸ್ ಕಳಿಸಲು ಕಾರಣ ಹೇಳಬೇಕು, ಕಾರಣಕ್ಕೆ ಸರಿಯಾದ ಪದ ಬೇಕು. ಮೀನಿನವಳ ಎದುರು ಅನ್ನದ ಪದ ತೆಗೆದರೆ ಅವಳು ನಗುತ್ತಾಳೆ. ನಕ್ಕವಳು ಬೆಲೆ ಇಳಿಸುವುದಿಲ್ಲ. ಓದಲು, ದುಡಿಯಲು ಇಲ್ಲಿಗೆ ಬಂದು ಮಾರುಕಟ್ಟೆಗೆ ತಾವೇ ಹೋಗುವ ಕನ್ನಡದವರಿಗೆ ಇದು ಉಪಯೋಗಕ್ಕೆ ಬಂದೀತು.

ಬಾಯಿ ಹೇಗೆ ತಿರುಗಿಸಬೇಕು

ಇಲ್ಲಿ ಸ್ವರ ಅಂದರೆ ದನಿಯ ಏರಿಳಿತ, ಅದು ಬದಲಾದರೆ ಪದದ ಅರ್ಥವೇ ಬದಲು. ಹನೋಯ್ ಕಡೆ ಆರು ಸ್ವರ. ಸೈಗಾನಿನಲ್ಲಿ ಎರಡು ಬೆರೆತು ಐದೇ ಉಳಿದಿವೆ, ಅದು ನಮ್ಮ ಪುಣ್ಯ. ನಾನವಕ್ಕೆ ನನ್ನದೇ ಹೆಸರಿಟ್ಟುಕೊಂಡಿದ್ದೇನೆ. ಸಪಾಟು ಅಂದರೆ ಏರಿಳಿತವಿಲ್ಲದೆ ಹೇಳುವುದು. ಇಳಿ ಅಂದರೆ ಮೆಲ್ಲಗೆ ಕೆಳಗಿಳಿಯುವುದು. ಏರು ಅಂದರೆ ಪ್ರಶ್ನೆ ಕೇಳಿದ ಹಾಗೆ ಮೇಲೆ ಹೋಗುವುದು. ಬಾಗು ಅಂದರೆ ಇಳಿದು ಮತ್ತೆ ಏಳುವುದು. ಅದುಮು ಅಂದರೆ ದನಿಯನ್ನು ಕೆಳಗೆ ಒತ್ತಿ ಹಿಡಿಯುವುದು. ಮುಂದೆ ಪದದ ಜೊತೆ ಕಂಸದಲ್ಲಿ ಇದನ್ನೇ ಹಾಕಿದ್ದೇನೆ. ಸಮಾಧಾನದ ಸಂಗತಿಯೆಂದರೆ, ಕೆಟ್ಟದ್ದಕ್ಕೆ ದಿನಾ ಬೇಕಾಗುವ ಪದಗಳಲ್ಲಿ ಬಹುಪಾಲು ಸಪಾಟು: ಥೀವ್, ಓಯ್, ಉಅನ್, ಹು, ಹೋಯ್, ಉಂಗ್. ಹೊಸಬರು ಧೈರ್ಯವಾಗಿ ಹೇಳಬಹುದು.

ಇನ್ನು ಮಹಾಪ್ರಾಣ. ಇಲ್ಲಿ ತ ಮತ್ತು ಥ ಬೇರೆ ಬೇರೆ ಅಕ್ಷರ, ನಮ್ಮಲ್ಲಿದ್ದ ಹಾಗೇ. ಆದರೆ ನಾವು ಮಾತಾಡುವಾಗ ಮಹಾಪ್ರಾಣ ನುಂಗುವ ಜನ. ‘ತೋಯ್’ (ಏರು) ಅಂದರೆ ಸಂಜೆ, ರಾತ್ರಿ. ‘ಥೋಯ್’ (ಏರು) ಅಂದರೆ ಕೊಳೆತದ್ದು. ಉಸಿರು ಬಿಟ್ಟು ಹೇಳಿ. ಞ ಅಕ್ಷರವನ್ನು ಕಾಗುಣಿತ ಬರೆದ ಮೇಲೆ ಮುಟ್ಟಿರದವರಿಗೂ ಇಲ್ಲಿ ಅದು ದಿನಬಳಕೆ. ‘ಹು’, ‘ಉಅನ್’ ಪದಗಳಲ್ಲಿ ಬರುವ ಉಕಾರಕ್ಕೆ ತುಟಿ ಗುಂಡಗೆ ಮಾಡಬೇಡಿ, ನಗುವಾಗಿನಂತೆ ಅಗಲಿಸಿ ಹೇಳಿ. ‘ಕಮ್’, ‘ಹಯ್’ಗಳಲ್ಲಿರುವ ಅಕಾರವನ್ನು ಸ್ವಲ್ಪ ಎಳೆಯಿರಿ, ಆದರೆ ಆ ಆಗಲು ಬಿಡಬೇಡಿ.

ಒಂದು ಅಚ್ಚು ಸಾಕು

ಕ್ರಿಯಾಪದದ ತಲೆನೋವಿಲ್ಲ. ಪದಾರ್ಥದ ಹೆಸರು, ಆಮೇಲೆ ‘ಬಿ’ (ಅದುಮು), ಆಮೇಲೆ ಕೆಟ್ಟದ್ದರ ಪದ, ಕೊನೆಗೆ ‘ರೋಯ್’ (ಇಳಿ). ‘ಬಿ’ ಬಂದರೆ ಆಗಬಾರದ್ದೇನೋ ಆಗಿದೆ ಅಂತ. ‘ರೋಯ್’ ಅಂದರೆ ಆಗಿಹೋಗಿದೆ ಅಂತ. ‘ಕಮ್ ಬಿ ಥೀವ್ ರೋಯ್’ ಅಂದರೆ ಅನ್ನ ಹಳಸಿಹೋಗಿದೆ. ಪೂರ್ತಿ ಕೆಟ್ಟಿಲ್ಲ, ಅನುಮಾನ ಅಂತಿದ್ದರೆ ‘ಬಿ’ ಬದಲು ‘ಹಯ್’ (ಸಪಾಟು) ಹಾಕಿ: ‘ಕಮ್ ಹಯ್ ಥೀವ್ ರೋಯ್’, ಸ್ವಲ್ಪ ಹಳಸಿದ ಹಾಗಿದೆ. ಈ ‘ಹಯ್’ ಇಲ್ಲದೆ ಮಾರುಕಟ್ಟೆಗೆ ಹೋಗಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಏನೂ ನೆನಪಾಗದಿದ್ದರೆ ಎಲ್ಲದಕ್ಕೂ ನಡೆಯುವ ಪದ ‘ಹು’ (ಸಪಾಟು). ಉತ್ತರದವರು ಇದಕ್ಕೆ ‘ಹಾಂಗ್’ (ಬಾಗು) ಅನ್ನುತ್ತಾರೆ. ಫ್ಯಾನು ಕೆಟ್ಟರೂ ಅದೇ, ಹಾಲು ಕೆಟ್ಟರೂ ಅದೇ. ಮಾತು ಕೇಳದ ಹುಡುಗನಿಗೂ ‘ಹು’. ಕೆಲಸ ನಡೆಯುತ್ತದೆ, ಆದರೆ ವ್ಯಾಪಾರಿಗೆ ನೀವು ಹೊಸಬರು ಅಂತ ತಕ್ಷಣ ಗೊತ್ತಾಗುತ್ತದೆ.

ಬೇಯಿಸಿದ್ದು

‘ಥೀವ್’ ನಮ್ಮ ‘ಹಳಸು’ವಿನ ಜಾಗದಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಅನ್ನ, ಸಾರು, ಪಲ್ಯ, ನಿನ್ನೆಯ ನೂಡಲ್ಸ್ ಹೀಗೆ ಬೇಯಿಸಿದ್ದು ಏನಿದ್ದರೂ ಥೀವ್. ತಂಗಳನ್ನಕ್ಕೆ ಬೇರೆ ಹೆಸರಿದೆ, ‘ಕಮ್ ನ್ಗುಓಯ್’ (ಸಪಾಟು, ಅದುಮು), ಅಂದರೆ ಆರಿದ ಅನ್ನ. ಅದು ಕೆಟ್ಟದ್ದಲ್ಲ, ಬೆಳಿಗ್ಗೆ ಮೊಟ್ಟೆ ಹಾಕಿ ಹುರಿಯಲು ಇಟ್ಟದ್ದು.

ಹುಳಿಯ ವಿಷಯದಲ್ಲಿ ಎಚ್ಚರ. ‘ಚುಅ’ (ಸಪಾಟು) ಅಂದರೆ ಹುಳಿ. ‘ಕಾನ್ ಚುಅ’ ಅಂದರೆ ದಕ್ಷಿಣ ವಿಯೆಟ್ನಾಮಿನ ಹೆಸರುವಾಸಿ ಸಾರು: ಹುಣಸೆಹಣ್ಣು, ಅನಾನಸು, ಟೊಮೆಟೊ, ಬೆಂಡೆಕಾಯಿ, ಮೀನು ಎಲ್ಲ ಬೀಳುವಂಥದ್ದು. ನಡುವೆ ‘ಬಿ’ ಸೇರಿಸಿ ‘ಕಾನ್ ಬಿ ಚುಅ’ ಅಂದಿರೋ, ಸಾರು ಹುಳಿ ಬಂದು ಕೆಟ್ಟಿದೆ ಅಂತಾಯಿತು. ಹೋಟೆಲಿನಲ್ಲಿ ಕೂತು ಆರ್ಡರ್ ಮಾಡುವಾಗ ಆ ಒಂದಕ್ಷರ ನಾಲಿಗೆಗೆ ಬಾರದಿರಲಿ.

ನಮ್ಮ ಅಡುಗೆಮನೆಗೆ ಹೊಸದಾಗಿ ಸೇರುವ ಪ್ರತಿಯೊಬ್ಬ ಅಕ್ಕನೂ ಇಡ್ಲಿ ಹಿಟ್ಟಿನ ಡ್ರಮ್ಮಿನ ಮುಚ್ಚಳ ತೆಗೆದ ಕೂಡಲೇ ಮೂಗು ಮುರಿದು ‘ಚುಅ ರೋಯ್!’ ಅನ್ನುತ್ತಾಳೆ, ಚೆಲ್ಲಲು ಕೈಯನ್ನೂ ಹಾಕುತ್ತಾಳೆ. ಆಗ ಹೇಳಬೇಕಾದ ಮಾತು ‘ಲೇನ್ ಮೆನ್’ (ಎರಡೂ ಸಪಾಟು), ಹುದುಗು ಬಂದಿದೆ. ಬೇಕೆಂದೇ ಹುಳಿ ಬರಿಸಿದ್ದಕ್ಕೆಲ್ಲ ಇದೇ ಪದ. ಈ ದೇಶದಲ್ಲಿ ಹುದುಗು ಬರಿಸಿದ ಹಂದಿಮಾಂಸವೇ ಇದೆ, ‘ನೆಮ್ ಚುಅ’ ಅಂತ. ಹಾಗಾಗಿ ‘ಲೇನ್ ಮೆನ್’ ಕೇಳಿದ ಮೇಲೆ ಇಡ್ಲಿ ಹಿಟ್ಟಿಗೆ ಗೌರವ ಸಿಗಲು ತಡವಾಗುವುದಿಲ್ಲ.

ಗಂಜಿ, ಪಾಯಸದಂಥದ್ದು ಹೊತ್ತಾದ ಮೇಲೆ ಒಡೆದು ನೀರು ಬಿಟ್ಟರೆ ‘ವುಅ’ (ಬಾಗು). ಅನ್ನ ನೀರು ಹೆಚ್ಚಾಗಿ ಮುದ್ದೆಯಾದರೆ ‘ಞಾವ್’ (ಬಾಗು). ಅದು ಅಡುಗೆಯವನ ತಪ್ಪು, ಹಳಸಿದ್ದಲ್ಲ.

ಮಾಂಸ ಮತ್ತು ಮೀನು

ಹಸಿ ಮಾಂಸಕ್ಕೆ ‘ಓಯ್’ (ಸಪಾಟು). ಬೆರಳಿಟ್ಟರೆ ಲೋಳೆ ಅಂಟಿದರೆ ‘ಞತ್’ (ಏರು). ‘ಥಿತ್ ಬಿ ಞತ್’ ಅಂದರೆ ಮಾಂಸ ಲೋಳೆ ಬಿಟ್ಟಿದೆ. ಬೆಂಡೆಕಾಯಿಯ ಲೋಳೆಗೂ ಇದೇ ‘ಞತ್’, ಅಲ್ಲಿ ಅದು ದೋಷವಲ್ಲ. ಅಗ್ಗದ ಮಾಲಿನ ಬಗ್ಗೆ ಇಲ್ಲಿ ಒಂದು ಗಾದೆ: ‘ಕುಅ ರೆ ಲಾ ಕುಅ ಓಯ್’, ಅಗ್ಗದ ಪದಾರ್ಥ ಕೆಟ್ಟ ಪದಾರ್ಥ. ಬಟ್ಟೆ, ಚಪ್ಪಲಿಗೂ ಅನ್ವಯಿಸುತ್ತಾರೆ, ಆದರೆ ಹುಟ್ಟಿದ್ದು ಮಾಂಸದ ಪದದಿಂದ. ಓಯ್ ಮತ್ತು ಥೀವ್ ಎರಡನ್ನೂ ಕೂಡಿಸಿ ‘ಓಯ್ ಥೀವ್’ ಅಂದರೆ ಪತ್ರಿಕೆಯ ಭಾಷೆಯಲ್ಲಿ ಕೆಟ್ಟ ಆಹಾರವೆಲ್ಲ ಬಂತು.

ಮೀನಿಗೆ ‘ಉಅನ್’ (ಸಪಾಟು). ಸಿಗಡಿ, ಬೊಂಡಾಸಿಗೂ ಅದೇ. ಇಲ್ಲೊಂದು ತೊಡಕಿದೆ: ಸೈಗಾನಿನವರು ಪದದ ಕೊನೆಯ ನ್‌ಅನ್ನು ಮೂಗಿಗೆ ಏರಿಸುತ್ತಾರೆ, ಹಾಗಾಗಿ ‘ಉಅನ್’ ಅನ್ನುವುದು ‘ಉಅಂಗ್’ ಅಂತ ಕೇಳುತ್ತದೆ. ‘ಉಅಂಗ್’ ಅನ್ನುವ ಬೇರೆ ಪದವೇ ಇದೆ, ದೋರುಗಾಯಿ ಅನ್ನುವ ಅರ್ಥಕ್ಕೆ. ಮೀನಿನ ಮುಂದೆ ನಿಂತಿದ್ದರೆ ಹಳತು, ಸೀಬೆಹಣ್ಣಿನ ಮುಂದೆ ನಿಂತಿದ್ದರೆ ಅರೆಹಣ್ಣು. ಕಣ್ಣು ಏನು ನೋಡುತ್ತಿದೆಯೋ ಅದೇ ನಿಘಂಟು.

ಮಕ್ಕಳಿಗೆ ಬುದ್ಧಿ ಹೇಳಲು ಇಲ್ಲಿನ ಅಜ್ಜಿಯರು ಬಳಸುವ ಎರಡು ಸಾಲಿನ ಪದ್ಯವಿದೆ: ‘ಕಾ ಖೋಂಗ್ ಅನ್ ಮುಓಯ್ ಕಾ ಉಅನ್, ಕೊನ್ ಕಾಯ್ ಚಾ ಮೆ ಟ್ರಮ್ ಡುಅಂಗ್ ಕೊನ್ ಹು’. ಉಪ್ಪು ತಿನ್ನದ ಮೀನು ಕೆಡುತ್ತದೆ, ಅಪ್ಪ ಅಮ್ಮನಿಗೆ ಎದುರಾಡುವ ಮಗು ನೂರು ದಾರಿಯಲ್ಲಿ ಕೆಡುತ್ತದೆ. ಇದನ್ನು ಬಾಯಿಪಾಠ ಮಾಡಿಕೊಂಡರೆ ‘ಉಅನ್’ ಮೀನಿಗೆ, ‘ಹು’ ಮಿಕ್ಕಿದ್ದಕ್ಕೆ ಅಂತ ಜೀವನಪೂರ್ತಿ ಮರೆಯುವುದಿಲ್ಲ. ‘ಉಅನ್’ಗೂ ‘ಡುಅಂಗ್’ಗೂ ಪ್ರಾಸ ಕೂಡಬೇಕು, ಅದು ದಕ್ಷಿಣದವರ ಬಾಯಲ್ಲೇ ಚೆನ್ನಾಗಿ ಕೂಡುತ್ತದೆ.

ನಮ್ಮ ಬಂಗುಡೆ ಇಲ್ಲೂ ಧಾರಾಳ ಸಿಗುತ್ತದೆ. ಹೆಸರು ‘ಕಾ ಬಾಕ್ ಮಾ’ (ಏರು, ಅದುಮು, ಏರು; ‘ಕಾ’ ಅಂದರೆ ಮೀನು, ಸಪಾಟಾಗಿ ಹೇಳಿದರೆ ಅದು ಮೀನೇ ಅಲ್ಲ), ಅಂದರೆ ಬೆಳ್ಳಿಕೆನ್ನೆಯ ಮೀನು. ಬಂಗುಡೆ ಕೊಳ್ಳುವಾಗ ಕಣ್ಣು ಮತ್ತು ಕಿವಿರು ಎರಡನ್ನೂ ನೋಡಿ. ಕಣ್ಣು ಮಬ್ಬಾಗಿದ್ದರೆ ‘ಮತ್ ಡುಕ್’ (ಏರು, ಅದುಮು). ಕಿವಿರು ಕಪ್ಪಾಗಿದ್ದರೆ ‘ಮಾಂಗ್ ಥಮ್’ (ಎರಡೂ ಸಪಾಟು). ‘ಉಅನ್’ ಅಂತ ತೀರ್ಪು ಕೊಡುವ ಬದಲು ‘ಮತ್ ಡುಕ್ ರೋಯ್’ ಅಂತ ಕಣ್ಣನ್ನೇ ತೋರಿಸಿದರೆ ಜಗಳವಿಲ್ಲ, ಕಂಡದ್ದನ್ನು ಹೇಳಿದಿರಿ ಅಷ್ಟೆ. ಬಂಗುಡೆ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಐಸಿಲ್ಲದೆ ಬಿಸಿಲಲ್ಲಿ ಬಿದ್ದ ಬಂಗುಡೆಯಲ್ಲಿ ಹಿಸ್ಟಮೀನ್ ಸೇರಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದರೆ ಮೈಯೆಲ್ಲ ಕೆಂಪಾಗಿ ತುರಿಸುತ್ತದೆ.

ತಾಜಾ ಮೀನಿಗೂ ಇರುವ ನೀಚು ವಾಸನೆಗೆ ‘ತಾನ್’ (ಸಪಾಟು) ಅನ್ನುತ್ತಾರೆ, ಅದು ಕೆಟ್ಟದ್ದರ ಗುರುತಲ್ಲ. ತೊರಕೆ ಮೀನು ಹಳತಾದಾಗ ಬರುವ, ಮೂತ್ರದಂತೆ ಮೂಗಿಗೆ ಹೊಡೆಯುವ ವಾಸನೆ ಬೇರೆ, ಅದು ‘ಖಾಯ್’ (ಸಪಾಟು). ತೊರಕೆ, ಶಾರ್ಕ್ ಮೈಯಲ್ಲಿ ಯೂರಿಯಾ ಇರುತ್ತದೆ, ಹಳತಾದಂತೆ ಅದು ಅಮೋನಿಯಾ ಆಗುತ್ತದೆ. ತೊರಕೆಯನ್ನು ‘ತಾನ್’ ಅಂದರೆ ತೊಳೆದು ಕೊಡುತ್ತಾಳೆ, ‘ಖಾಯ್’ ಅಂದರೆ ಬದಲಿಸಿ ಕೊಡುತ್ತಾಳೆ.

ಹಣ್ಣು

ಹಣ್ಣಾಗುವುದಕ್ಕೆ ‘ಚೀನ್’ (ಏರು). ಅನ್ನ ಬೇಯುವುದಕ್ಕೂ ಅದೇ ಪದ, ಒಂಬತ್ತು ಅನ್ನುವುದಕ್ಕೂ ಅದೇ. ಕಾಯಿಗೆ ‘ಸಾನ್’ (ಸಪಾಟು), ಅಂದರೆ ಹಸಿರು. ನಡುವಿನ ದೋರುಗಾಯಿ ‘ಉಅಂಗ್’. ಪಪ್ಪಾಯಿಯಲ್ಲಿ ಒಂದೆರಡು ಹಳದಿ ಗೀಟು ಮೂಡಿದ ಹದಕ್ಕೆ ದಕ್ಷಿಣದವರು ‘ಮೊ ವಿತ್’ ಅನ್ನುತ್ತಾರೆ, ಬಾತುಕೋಳಿಯ ಕೊಕ್ಕು ಅಂತ. ಹದವಾಗಿ ಹಣ್ಣಾದದ್ದು ‘ಚೀನ್ ತಯ್’ (ಎರಡೂ ಏರು). ಮರದಲ್ಲೇ ಹಣ್ಣಾದದ್ದು ‘ಚೀನ್ ಕಯ್’. ಅಡೆ ಹಾಕಿ ಹಣ್ಣು ಮಾಡಿದ್ದಕ್ಕೆ ಇಲ್ಲಿ ‘ಯೂ’ (ಏರು). ಹುವಾ ಲೋಕ್ ಮಾವಿನಹಣ್ಣು ಅಂತ ದುಬಾರಿ ಬೆಲೆ ಹೇಳುವವರನ್ನು ‘ಚೀನ್ ಕಯ್ ಹಾಯ್ ಯೂ?’, ಮರದ್ದೋ ಅಡೆಯದ್ದೋ ಅಂತ ಕೇಳಿ ನೋಡಿ. ಉತ್ತರ ಏನೇ ಬರಲಿ, ಈ ಗಿರಾಕಿಗೆ ಗೊತ್ತಿದೆ ಅನ್ನುವುದು ಅವರಿಗೆ ತಿಳಿಯುತ್ತದೆ.

ಹದ ಮೀರಿದರೆ ‘ಚೀನ್ ನವ್’ (ಏರು, ಬಾಗು), ಬಾಳೆಹಣ್ಣು ಸಿಪ್ಪೆ ಕಪ್ಪಾಗಿ ಮುಟ್ಟಿದರೆ ಒಳಗಿಳಿಯುವ ಹಾಗೆ. ‘ಚೀನ್ ರುಕ್’ (ಏರು, ಅದುಮು) ಅಂದರೆ ಕರಗಿ ಬೀಳುವಷ್ಟು. ಕೋಳಿ ಮೂಳೆ ಬಿಡುವವರೆಗೆ ಬೆಂದರೂ ಇದೇ ಪದ ಬರುತ್ತದೆ, ಆಗ ಹೊಗಳಿಕೆ. ಬರೀ ಮೆತ್ತಗಾಗಿ ಕುಸಿದದ್ದಕ್ಕೆ ‘ಮೇಮ್ ಞೂನ್’ (ಇಳಿ, ಬಾಗು). ಪೆಟ್ಟು ಬಿದ್ದು ಕಂದಿದ್ದಕ್ಕೆ ‘ಯಪ್’ (ಅದುಮು), ಉತ್ತರದಲ್ಲಿ ‘ಝಪ್’. ಒಳಗೆ ನೀರಾಗಿ ಕೊಳೆತದ್ದಕ್ಕೆ ‘ಉಂಗ್’ (ಏರು ಅಥವಾ ಬಾಗು, ಎರಡೂ ಕೇಳಿಬರುತ್ತವೆ). ಸಪಾಟಾಗಿ ‘ಉಂಗ್’ ಅಂದರೆ ಮಾತ್ರ ಅದು ಮರಿಯಾಗದೆ ಹಾಳಾದ ಮೊಟ್ಟೆ.

ಕೆಟ್ಟಂತೆ ಕಂಡರೂ ಕೆಡದ ಎರಡು ಹಣ್ಣುಗಳ ಹೆಸರು ಇಲ್ಲೇ ಹೇಳಿಬಿಡುತ್ತೇನೆ. ಮೊದಲನೆಯದು ಮೈತುಂಬ ಕಂದು ಚುಕ್ಕೆ ಬಿದ್ದ ಬಾಳೆಹಣ್ಣು. ಇದಕ್ಕೆ ‘ಚುಓಯ್ ಟ್ರುಂಗ್ ಕುಓಕ್’, ಹುಂಡುಕೋಳಿ ಮೊಟ್ಟೆಯಂಥ ಬಾಳೆ ಅನ್ನುತ್ತಾರೆ. ಹನೋಯ್‌ನವರಿಗೆ ಇದೇ ಸರಿಯಾದ ಹದ. ಚಳಿಗೆ ಮುಂಚಿನ ದಿನಗಳಲ್ಲಿ ಹಸಿರು ಎಳೆ ಅವಲಕ್ಕಿಯ ಜೊತೆ ಇದನ್ನೇ ಹುಡುಕಿ ತಿನ್ನುತ್ತಾರೆ. ಅದನ್ನು ಹಿಡಿದು ‘ಹು ರೋಯ್’ ಅಂದರೆ ಮಾರುವವಳಿಗೆ ಕನಿಕರ ಬರುತ್ತದೆ. ಎರಡನೆಯದು ಹಲಸು. ನಮ್ಮ ಬಕ್ಕೆ ಇಲ್ಲಿ ‘ಮಿತ್ ಯಾಯ್’, ಅಂಬಲಿ ಇಲ್ಲಿ ‘ಮಿತ್ ಉಅತ್’, ಅಂದರೆ ಒದ್ದೆ ಹಲಸು. ತೊಳೆ ಲೊಳಲೊಳ ಅಂದರೂ ಅದರ ಜಾತಿಯೇ ಹಾಗೆ. ಮಾತುಮಾತಿಗೆ ಅಳುವ ಮಗುವನ್ನೂ ‘ಮಿತ್ ಉಅತ್’ ಅಂತ ಛೇಡಿಸುತ್ತಾರೆ.

ಡೂರಿಯನ್ ನಾವು ತರಿಸುವುದಿಲ್ಲ, ಆದರೂ ಸ್ಟಾಫಿನವರು ತಿನ್ನುವಾಗ ಕಿವಿಗೆ ಬಿದ್ದ ಎರಡು ಪದ: ಒಳಗೆ ಗಟ್ಟಿಯಾಗಿ ಉಳಿದು ಹಣ್ಣಾಗದ ಭಾಗ ‘ಶುಅಂಗ್’ (ಅದುಮು), ಹದ ಮೀರಿ ನೀರಾದದ್ದು ‘ಞಾವ್’. ಎರಡಕ್ಕೂ ದುಡ್ಡು ವಾಪಸ್ ಕೇಳುತ್ತಾರೆ.

ಸೊಪ್ಪು, ದಿನಸಿ

ಮೇಯಿಂದ ನವೆಂಬರ್‌ವರೆಗೆ ಇಲ್ಲಿ ಮಳೆ. ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ನಡುವಿನ ಎಲೆ ಕಪ್ಪಾಗಿ ಅಂಟಾಗಿರುತ್ತದೆ. ಅದು ‘ಉಂಗ್’ (ಏರು). ಕೊತ್ತಂಬರಿ, ಪುದೀನ ಕಟ್ಟಿನ ಹೊರಗಡೆ ನೋಡಿ ಮೋಸ ಹೋಗಬೇಡಿ, ದಾರ ಬಿಚ್ಚಿಸಿ. ಬಾಡಿದ್ದು ‘ಹೆಓ’ (ಏರು), ಹಳದಿ ತಿರುಗಿದ್ದು ‘ಊಅ’ (ಏರು). ಬಾಡಿದ್ದನ್ನು ನೀರು ಚಿಮುಕಿಸಿ ಎಬ್ಬಿಸಬಹುದು, ಹಾಗಾಗಿ ‘ಹೆಓ’ಗೆ ಬೆಲೆ ಇಳಿಸಿಕೊಂಡು ಇಟ್ಟುಕೊಳ್ಳುತ್ತೇನೆ. ‘ಉಂಗ್’ ಆದದ್ದಕ್ಕೆ ಜಾಗವಿಲ್ಲ.

ಬೂಷ್ಟಿಗೆ ‘ಮೋಕ್’ (ಏರು). ಅಕ್ಕಿಯ ನುಸಿಗೆ ‘ಮೊತ್’ (ಅದುಮು). ಕಡಲೆಬೀಜ, ಎಳ್ಳು, ಕೊಬ್ಬರಿ ಕಮಟು ನಾತ ಬಂದರೆ ‘ಹೋಯ್ ಯವ್’ (ಸಪಾಟು, ಇಳಿ), ಎಣ್ಣೆ ನಾರುತ್ತದೆ ಅಂತ. ಹಪ್ಪಳ ಮೆತ್ತಗಾದರೆ ಉತ್ತರದವರು ‘ಈವ್’ (ಬಾಗು) ಅನ್ನುತ್ತಾರೆ. ‘ಈವ್ ಸೀವ್’ ಅಂದರೆ ಮುಖ ಸಪ್ಪೆ ಮಾಡಿಕೊಂಡು ಕೂತ ಮನುಷ್ಯ.

ಜಗಳವಾಗದಂತೆ ಹೇಳುವುದು

ಇಲ್ಲಿ ಬೋಣಿಯ ನಂಬಿಕೆ ನಮ್ಮಷ್ಟೇ ಗಟ್ಟಿ, ಹೆಸರು ‘ಮ ಹಾಂಗ್’ (ಬಾಗು, ಇಳಿ). ದಿನದ ಮೊದಲ ಗಿರಾಕಿ ಮೀನು ತಿರುಗಿಸಿ ಮುರುಗಿಸಿ, ‘ಉಅನ್’ ಅಂದು, ಕೊಳ್ಳದೆ ನಡೆದರೆ ಕೆಲವರು ಕಾಗದ ಸುಟ್ಟು ದೃಷ್ಟಿ ತೆಗೆಯುತ್ತಾರೆ. ಹಾಗಾಗಿ ಕೊಳ್ಳುವುದು ಖಾತ್ರಿ ಇಲ್ಲದಿದ್ದರೆ ಹೊತ್ತೇರಿದ ಮೇಲೆ ಹೋಗಿ.

ಬೈಯದೆ ಹೇಳುವ ಮಾತು ‘ಕೊ ಮೂಯ್’ (ಏರು, ಇಳಿ), ವಾಸನೆ ಇದೆ. ಯಾವ ವಾಸನೆ ಅಂತ ಹೇಳಬೇಕಿಲ್ಲ, ಅವರಿಗೂ ಗೊತ್ತು. ಹೆಂಗಸು ನಿಮಗಿಂತ ದೊಡ್ಡವಳಾದರೆ ‘ಯೀ ಅಯ್’, ಚಿಕ್ಕಮ್ಮಾ ಅಂತ ಕರೆದು, ನಿಮ್ಮನ್ನು ನೀವೇ ‘ಕೊನ್’, ಅಂದರೆ ಮಗು ಅಂತ ಕರೆದುಕೊಳ್ಳಿ: ‘ಯೀ ಅಯ್, ಕೊನ್ ನಯ್ ಹಯ್ ಕೊ ಮೂಯ್, ಡೋಯ್ ಚೊ ಕೊನ್ ಞಾ’. ಚಿಕ್ಕಮ್ಮಾ, ಈ ಮೀನು ಸ್ವಲ್ಪ ವಾಸನೆ, ನನಗೆ ಬದಲಿಸಿ ಕೊಡಿ ಆಯ್ತಾ. (ಮೊದಲ ‘ಕೊನ್’ ಮೀನಿಗೆ, ಎರಡನೆಯದು ನಿಮಗೆ.)

ಲೋಡು ತರುವ ಹುಡುಗರ ಜೊತೆ ಮಾತು ಬೇರೆ ಥರ. ಟೊಮೆಟೊ ದಾ ಲಾತ್‌ನಿಂದ ಸುಮಾರು 300 ಕಿಲೋಮೀಟರ್ ರಾತ್ರಿ ಲಾರಿಯಲ್ಲಿ ಬರುತ್ತದೆ, ಕ್ರೇಟಿನ ತಳದಲ್ಲಿ ಯಾವಾಗಲೂ ನಾಲ್ಕು ಒಡೆದಿರುತ್ತವೆ. ನಾನು: ‘ಎಮ್ ಅಯ್, ಮಯ್ ಟ್ರಾಯ್ ಯುಅಯ್ ಉಂಗ್ ರೋಯ್’. ತಮ್ಮಾ, ಕೆಳಗಿನ ಕೆಲವು ಕೊಳೆತಿವೆ. ಅವನು: ‘ಚೀನ್ ಚು ಡವ್ ಕೊ ಹು!’ ಹಣ್ಣಾಗಿವೆ, ಕೆಟ್ಟೆಲ್ಲಿವೆ! ಆಗ ಒಂದನ್ನು ಎತ್ತಿ ಅವನ ಕೈಗೇ ಕೊಟ್ಟು ‘ಮೇಮ್ ಞೂನ್ ನೆ’, ಮೆತ್ತಗಿದೆ ನೋಡು ಅನ್ನಬೇಕು. ಬೆರಳು ಒಳಗಿಳಿದ ಮೇಲೆ ಅವನೇ ತಕ್ಕಡಿಯಿಂದ ತೆಗೆಯುತ್ತಾನೆ. ಪೂರ್ತಿ ವಾಪಸ್ಸಾದರೆ ‘ಟ್ರಾ ಲಾಯ್’ (ಬಾಗು, ಅದುಮು).

‘ಥೋಯ್’ ಪದವನ್ನು ಸೈಗಾನಿನ ಮಾರುಕಟ್ಟೆಯಲ್ಲಿ ಕೇಳಿದ ಕೂಡಲೇ ಮೂಗು ಮುಚ್ಚಬೇಡಿ. ಇಲ್ಲಿ ಚಿಲ್ಲರೆ ವಾಪಸ್ ಕೊಡುವುದಕ್ಕೂ ‘ಥೋಯ್’ ಅನ್ನುತ್ತಾರೆ. ಗಬ್ಬು ನಾರುವುದಕ್ಕೆ ದಕ್ಷಿಣದವರ ಪದ ‘ಥೂಯ್’ (ಏರು). ನಮ್ಮ ಬಾಯಿಗೆ ‘ಥೂ’ ಸಹಜವಾಗಿಯೇ ಬರುತ್ತದೆ, ಆದರೆ ಮುಖದೆದುರು ಹೇಳುವ ಮಾತಲ್ಲ. ಮೀನಿನ ಗೊಜ್ಜು, ಹುದುಗಿಸಿದ ಸಿಗಡಿ ಪೇಸ್ಟಿಗಂತೂ ಖಂಡಿತ ಬಳಸಬೇಡಿ, ಅದಕ್ಕೆ ‘ನಂಗ್ ಮೂಯ್’ (ಅದುಮು, ಇಳಿ), ವಾಸನೆ ಭಾರ, ಅಂದರೆ ಸಾಕು.

ಟೆಟ್ (ಇಲ್ಲಿನ ಹೊಸವರ್ಷ) ಹಬ್ಬದ ಕಡುಬು ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾಗಿ ಹಸಿ ಅಕ್ಕಿಯಂತೆ ಹಲ್ಲಿಗೆ ಸಿಕ್ಕರೆ ಅದು ಕೆಟ್ಟದ್ದಲ್ಲ. ‘ಲಾಯ್ ಗಾವ್’ (ಎರಡೂ ಅದುಮು), ಮತ್ತೆ ಅಕ್ಕಿಯಾಯಿತು ಅನ್ನುತ್ತಾರೆ. ಬೇಯಿಸಿದರೆ ಅಥವಾ ಎಣ್ಣೆಯಲ್ಲಿ ಕರಿದರೆ ಮೊದಲಿನಂತಾಗುತ್ತದೆ. ಎಸೆಯುವ ಮುಂಚೆ ಯಾರನ್ನಾದರೂ ಕೇಳಿ: ‘ಕಾಯ್ ನಯ್ ಕೊನ್ ಅನ್ ಡುಅಕ್ ಹೋಂಗ್?’ ಇದಿನ್ನೂ ತಿನ್ನಬಹುದಾ? ‘ಬೊ ಡಿ’ (ಬಾಗು, ಸಪಾಟು) ಅಂದರೆ ಎಸೆದುಬಿಡಿ. ಉತ್ತರದವರಾದರೆ ‘ವುತ್ ಡಿ’.

ಪೊಟ್ಟಣದ ಸಾಮಾನಿಗೆ ಮೂಗು ಬೇಡ. ಎನ್‌ಎಸ್‌ಎಕ್ಸ್ ಅಂತ ಇದ್ದರೆ ತಯಾರಾದ ದಿನ, ಎಚ್‌ಎಸ್‌ಡಿ ಅಂತ ಇದ್ದರೆ ಬಳಸಬಹುದಾದ ಕೊನೆಯ ದಿನ. ಬರೆಯುವುದು ನಮ್ಮಂತೆಯೇ ದಿನ, ತಿಂಗಳು, ವರ್ಷ. ಅವಧಿ ದಾಟಿದ್ದರೆ ‘ಹೆತ್ ಹಾನ್ ರೋಯ್’ (ಏರು, ಅದುಮು, ಇಳಿ). ಇದಕ್ಕೆ ‘ಹಯ್’ ಸೇರಿಸುವ ಅಗತ್ಯವಿಲ್ಲ. ದಿನಾಂಕದ ಮೇಲೆ ಬೆರಳಿಟ್ಟು ಹೇಳಿ, ಬೇರೆ ಪೊಟ್ಟಣ ಬರುತ್ತದೆ.